ಎಂಟು ತಂತಿಗಳ ಋಣ

ನನ್ನ ಸಂಶೋಧನಾ ಪ್ರಬಂಧಕ್ಕೆ ಕಳೆದ ವಾರ ಅಂಗೀಕಾರ ದೊರೆಯಿತು. ಈ ನಾಲ್ಕು ವರ್ಷ ಏನೇನು ನಡೆಯಿತು, ಎಷ್ಟು ಸಲ ಯಂತ್ರ ಕೈಕೊಟ್ಟಿತು ಎಂಬುದು ಇದನ್ನು ಓದುವ ಬಹುತೇಕರಿಗೆ ತಿಳಿದಿರುವುದರಿಂದ ಆ ಕಥೆಯನ್ನು ಮತ್ತೆ ಹೇಳುವುದಿಲ್ಲ. ಮಾರ್ಗದರ್ಶಕರಿಗೆ, ಗಣಕ ಮಾದರಿಗಳನ್ನು ರೂಪಿಸಿಕೊಟ್ಟ ಸಹಪಾಠಿಗಳಿಗೆ, ಲೇಸರ್ ಚಿತ್ರಣದ ತಂಡಕ್ಕೆ, ಮನೆಯವರಿಗೆ ನಾನು ಋಣಿ. ಎಲ್ಲರನ್ನೂ ಒಂದೇ ವಾಕ್ಯಕ್ಕೆ ತುರುಕಿದ್ದಕ್ಕೆ ಅವರು ಬೇಸರಿಸಲಾರರು. ಉಳಿದ ಜಾಗ ಯಾರಿಗೆ ಮೀಸಲೆಂದು ಅವರಿಗೂ ಗೊತ್ತು.

ನಮ್ಮ ಹಿರಿಯ ತಂತ್ರಜ್ಞರ ಹೆಸರು ನಾವು ಪ್ರಕಟಿಸಿದ ಯಾವ ಲೇಖನದ ಕರ್ತೃಗಳ ಸಾಲಿನಲ್ಲೂ ಇಲ್ಲ. ಕೂದಲೆಳೆಗಿಂತ ಎಷ್ಟೋ ತೆಳುವಾದ 15 ಮೈಕ್ರಾನ್ ದಪ್ಪದ ಅಲ್ಯೂಮಿನಿಯಂ ತಂತಿಯನ್ನು ಸುರುಳಿಯಾಗಿ ಸುತ್ತಿ, ಅಂಥ ಎಂಟನ್ನು ಎರಡು ವಿದ್ಯುದ್ವಾರಗಳ ನಡುವೆ ಪಂಜರದ ಕಂಬಿಗಳಂತೆ ನಿಲ್ಲಿಸುವುದು ಅವರ ಕೆಲಸ. ಅದರೊಳಗೆ ಹತ್ತು ಲಕ್ಷ ಆಂಪಿಯರ್ ಹರಿಸಿ, ಕೆಲವು ನೂರು ನ್ಯಾನೋಸೆಕೆಂಡುಗಳಲ್ಲಿ ಹೇಳಹೆಸರಿಲ್ಲದಂತೆ ಮಾಡುವುದು ನನ್ನದು.

ಸುರುಳಿಯೇ ಏಕೆ? ಅಷ್ಟು ವಿದ್ಯುತ್ತಿಗೆ ತಂತಿ ಪ್ಲಾಸ್ಮಾ, ಅಂದರೆ ವಿದ್ಯುತ್ ಹರಿಯಬಲ್ಲ ಕಾದ ಅನಿಲ, ಆಗುತ್ತದೆ; ಆ ವಿದ್ಯುತ್ತಿನದೇ ಕಾಂತಕ್ಷೇತ್ರ ಅದನ್ನು ಪಂಜರದ ನಡುಗೆರೆಯತ್ತ, ಅಂದರೆ ಅಕ್ಷದತ್ತ, ತಳ್ಳುತ್ತದೆ. ಆದರೆ ನೇರ ತಂತಿಯಿಂದ ಈ ಪ್ಲಾಸ್ಮಾ ಒಂದೇ ಸಮನೆ ಕಳಚಿಕೊಳ್ಳುವುದಿಲ್ಲ. ಅಲ್ಯೂಮಿನಿಯಂ ಆದರೆ ಸುಮಾರು ಅರ್ಧ ಮಿಲಿಮೀಟರಿಗೊಂದರಂತೆ, ಟಂಗ್‌ಸ್ಟನ್ ಆದರೆ ಅದರ ಅರ್ಧದಷ್ಟು ಅಂತರದಲ್ಲಿ, ಎಳೆಎಳೆಯಾಗಿ ಅಕ್ಷದ ಕಡೆಗೆ ಹರಿಯುತ್ತದೆ. ಹೀಗೆ ಸವೆದು ತುಂಡಾದ ತಂತಿಯ ಏರುಪೇರುಗಳೇ ಮುಂದೆ ತಂತಿಗಳ ಇಡೀ ವ್ಯೂಹ, ಅಂದರೆ ಆ ಪಂಜರ, ಒಳಕ್ಕೆ ಕುಸಿಯುವಾಗ ಕಾಂತೀಯ ರೇಲಿ-ಟೇಲರ್ ಅಸ್ಥಿರತೆಗೆ, ಅಂದರೆ ಕಾಂತಕ್ಷೇತ್ರ ತಳ್ಳುವ ಪ್ಲಾಸ್ಮಾದ ಮೈಯಲ್ಲಿ ಅಲೆಗಳೆದ್ದು ಬೆಳೆಯುವುದಕ್ಕೆ, ಬೀಜವಾಗುತ್ತವೆ. 1990ರ ದಶಕದಲ್ಲಿ ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದ ವಿಜ್ಞಾನಿಗಳು ತಂತಿಗಳ ಸಂಖ್ಯೆ ಹೆಚ್ಚಿಸಿ, ಬಳಿಕ ಒಂದು ವ್ಯೂಹದೊಳಗೆ ಇನ್ನೊಂದನ್ನಿಟ್ಟು, ಈ ಅಸ್ಥಿರತೆಯ ಹಾವಳಿಯನ್ನು ಸಾಕಷ್ಟು ತಗ್ಗಿಸಿದರು. ಸುರುಳಿಯ ದಾರಿ ಬೇರೆ: ಅಲೆಯನ್ನು ಅಳಿಸುವುದಲ್ಲ, ಅದರ ಉದ್ದವನ್ನು ನಾವೇ ಗೊತ್ತುಮಾಡುವುದು. ಆದ್ದರಿಂದ ಒಂದು ಸುತ್ತು ತಪ್ಪಿದರೂ ಪ್ರಯೋಗಕ್ಕೆ ಅರ್ಥವಿಲ್ಲ.

ನಮಗೆ ಹಂಚಿಕೆಯಾಗಿದ್ದ ಕೊನೆಯ ಪ್ರಯೋಗದ ಹಿಂದಿನ ರಾತ್ರಿ, ನಿರ್ವಾತ ಕೋಣೆಯ ಮುಚ್ಚಳ ಇಳಿಸುವಾಗ ನನ್ನ ತೋಳು ತಾಗಿ ಮೂರು ತಂತಿಗಳು ತುಂಡಾದವು. ಬದಲಿಗೆ ಉಳಿದಿದ್ದ ಸುರುಳಿಗಳು ಎರಡೇ. ನಮ್ಮ ಆ ತಂತ್ರಜ್ಞರನ್ನು ಬಿಟ್ಟರೆ ಉಳಿದೆಲ್ಲರೂ ಮನೆಗೆ ಹೋಗಿದ್ದರು. ನಾನು ಕೆಪಾಸಿಟರ್‌ಗಳ ಸಾಲಿನ ಹಿಂದೆ ನೆಲದ ಮೇಲೆ ಕುಳಿತು ಅತ್ತೆ. ನಾಚಿಕೆಯಿಂದಲ್ಲ, ಇನ್ನು ನನ್ನಿಂದಾಗದು ಎಂಬುದು ಖಚಿತವಾದ್ದರಿಂದ. ಬಿಟ್ಟುಬಿಡುತ್ತೇನೆಂದು ಅವರಿಗೆ ಹೇಳಿಯೂ ಬಿಟ್ಟೆ. ಅವರು ಸಮಾಧಾನದ ಒಂದು ಮಾತನ್ನೂ ಆಡಲಿಲ್ಲ. ಮೂರನೆಯ ಸುರುಳಿಯನ್ನು ಹೊಸದಾಗಿ ಸುತ್ತಲು ಕಡ್ಡಿ ಕೈಗೆತ್ತಿಕೊಂಡು, ಟಾರ್ಚನ್ನು ಓರೆಯಾಗಿ ಹಿಡಿಯಲು ಹೇಳಿದರು. ನೇರ ಬೆಳಕಿಗೆ ಕಾಣದ ಆ ತಂತಿ ಓರೆ ಬೆಳಕಿಗೆ ಮಾತ್ರ ಮಿನುಗುತ್ತದೆ. ಉಸಿರು ತಾಗಿದರೂ ತೂಗುತ್ತದೆ. ಅವರು ಗಂಟು ಬಿಗಿಯುವಾಗಲೆಲ್ಲ ಇಬ್ಬರೂ ಉಸಿರು ಬಿಗಿಹಿಡಿಯುತ್ತಿದ್ದೆವು. ಬೆಳಗಿನ ನಾಲ್ಕಕ್ಕೆ ಎಂಟೂ ನಿಂತವು. ಅಷ್ಟು ಹೊತ್ತಿನಲ್ಲಿ ನಾನು ಅಳುವುದನ್ನು ಯಾವಾಗ ನಿಲ್ಲಿಸಿದೆನೋ ನನಗೇ ನೆನಪಿಲ್ಲ.

ಮರುದಿನದ ಚಿತ್ರದಲ್ಲಿ ಪ್ಲಾಸ್ಮಾದ ಎಳೆಗಳು ಅರ್ಧ ಮಿಲಿಮೀಟರಿನ ತಮ್ಮ ಹಳೆಯ ಅಂತರ ಬಿಟ್ಟು, ಸುರುಳಿಯ ಸುತ್ತುಗಳ ಅಂತರದಲ್ಲೇ ಸಾಲುಗಟ್ಟಿದ್ದವು. ನಾವು ಕೂಗಾಡುತ್ತಿದ್ದಾಗ ಅವರು ಕನ್ನಡಕ ಸರಿಪಡಿಸಿಕೊಂಡು ಪರದೆಯ ಹತ್ತಿರ ಬಂದು, ಒಂದು ತಂತಿಯ ಮೇಲ್ತುದಿಯಲ್ಲಿ ಎಳೆಗಳು ತುಸು ಚದುರಿರುವುದನ್ನು ಬೆರಳಿಟ್ಟು ತೋರಿಸಿದರು. ಅದು ರಾತ್ರಿ ಸುತ್ತಿದ ಸುರುಳಿಯಂತೆ, ಇನ್ನೊಂದಿಷ್ಟು ಬಿಗಿಯಬೇಕಿತ್ತಂತೆ.