ಮುಷ್ಟಿ ಬಿಚ್ಚಿದ ಮೇಲೆ

ದಾವಣಗೆರೆ
ಮಾರ್ಚ್, ಎರಡನೇ ಭಾನುವಾರ

ಚಿ. ವಿನುತಾಳಿಗೆ ಅಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ನಿಮ್ಮಪ್ಪನ ಮಂಡಿನೋವು ಇದ್ದ ಹಾಗೆಯೇ ಇದೆ, ಉಪ್ಪಿನಕಾಯಿಯ ಚಪಲವೂ ಇದ್ದ ಹಾಗೆಯೇ ಇದೆ. ವಾರಕ್ಕೆರಡು ಸಲ ಫೋನಿನಲ್ಲಿ ಮುಖ ನೋಡಿಕೊಂಡು ಮಾತನಾಡುವವರು ಕಾಗದ ಬರೆಯುವುದು ವಿಚಿತ್ರವೇ. ಆದರೆ ನಾನು ಹಣದ ಮಾತು ತೆಗೆದ ಕೂಡಲೇ ನೀನು “ಅಮ್ಮ, ನಿನ್ನ ಖಜಾನೆ ಬುದ್ಧಿ ಶುರುವಾಯಿತು” ಎಂದು ಮಾತು ತೇಲಿಸುತ್ತೀಯ. ಕಾಗದವಾದರೆ ಹಾಗೆ ಅಡ್ಡಬಾಯಿ ಹಾಕಲಾಗುವುದಿಲ್ಲ.

ಕಳೆದ ತಿಂಗಳು ನೀನು ಕಳಿಸಿದ ಫೋಟೊದಿಂದಲೇ ಶುರುಮಾಡುತ್ತೇನೆ. ಡೆಟ್ರಾಯಿಟ್‌ನ ಜೆಫರ್ಸನ್ ರಸ್ತೆಯಲ್ಲಿ ಕಂಬಗಳ ನಡುವೆ ತೂಗುಹಾಕಿದ 24 ಅಡಿ ಉದ್ದದ ಕಂಚಿನ ತೋಳು, ತುದಿಯಲ್ಲಿ ಬಿಗಿದ ಮುಷ್ಟಿ. ಅದರ ಕೆಳಗೆ ಕೆಂಪು ಕೋಟು ತೊಟ್ಟು ನಗುತ್ತಿರುವ ನೀನು. ತಲೆಯಿಲ್ಲ, ಮೈಯಿಲ್ಲ, ಬರೀ ಕೈ. “ಯಾರ ಕೈ ಹೇಳು ನೋಡೋಣ” ಎಂದು ಕೇಳಿದ್ದೆ. ನನಗೆ ತಿಳಿಯಲಿಲ್ಲ. ನಿಮ್ಮಪ್ಪ ಕನ್ನಡಕ ಏರಿಸಿದವರೇ “ಬಾಕ್ಸರ್ ಜೋ ಲೂಯಿಸ್” ಎಂದರು. 1938ರಲ್ಲಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್‌ನನ್ನು 124 ಸೆಕೆಂಡುಗಳಲ್ಲಿ ಮಲಗಿಸಿದ್ದನ್ನು ತಾವೇ ಮುಂದಿನ ಸಾಲಿನಲ್ಲಿ ಕೂತು ನೋಡಿದವರಂತೆ ಬಣ್ಣಿಸಿದರು. ಆಗ ಅವರಿನ್ನೂ ಹುಟ್ಟಿರಲಿಲ್ಲ, ಆ ಮಾತು ಬೇರೆ.

“ಸರಿ, ಆಮೇಲೆ ಅವನು ಏನು ಮಾಡಿದ?” ಎಂದು ಕೇಳಿದೆ.

“ಆಮೇಲೆ ಏನು, ನಿವೃತ್ತನಾದ.”

ಜಿಲ್ಲಾ ಖಜಾನೆಯ ಪಿಂಚಣಿ ವಿಭಾಗದಲ್ಲಿ 34 ವರ್ಷ ಆ ಒಂದು ಪದವನ್ನು ತಿಂದು ಉಂಡವಳು ನಾನು. ನಮಗೆ ನಿವೃತ್ತಿಯೆಂದರೆ 60 ತುಂಬಿದ ತಿಂಗಳ ಕೊನೆಯ ದಿನ. ಹಾರ, ಶಾಲು, ಹಣ್ಣಿನ ಬುಟ್ಟಿ, ಕಚೇರಿಯ ಮೆಟ್ಟಿಲ ಮೇಲೊಂದು ಫೋಟೊ, ಆಮೇಲೆ ಗ್ರಾಚ್ಯುಟಿ, ಕಮ್ಯುಟೇಷನ್, ತಿಂಗಳು ತಿಂಗಳು ಪಿಂಚಣಿ. ಲೂಯಿಸ್ 1949ರ ಮಾರ್ಚ್‌ನಲ್ಲಿ ನಿವೃತ್ತನಾದಾಗ ಅವನ ವಯಸ್ಸೇ 34. ಸುಮಾರು 12 ವರ್ಷ ವಿಶ್ವ ಹೆವಿವೇಟ್ ಪಟ್ಟ ಅವನ ಕೈಯಲ್ಲಿತ್ತು, 25 ಸಲ ಅದನ್ನು ಉಳಿಸಿಕೊಂಡಿದ್ದ. ಆ ದಾಖಲೆ ಇಂದಿಗೂ ಮುರಿದಿಲ್ಲ. ಆದರೆ ಮುಷ್ಟಿಯುದ್ಧದವನಿಗೆ ಪಿಂಚಣಿ ಆದೇಶ ಬರೆಯುವವರು ಯಾರು? ಅಂದಿನಿಂದ ಮೂರು ವಾರ ಇದನ್ನೇ ಹುಡುಕಿ ಓದಿದ್ದೇನೆ. ನಿಮ್ಮಪ್ಪ “ನಿನಗೆ ಬಾಕ್ಸಿಂಗ್ ಹುಚ್ಚು ಹಿಡಿಯಿತು” ಎನ್ನುತ್ತಿದ್ದಾರೆ. ನನಗೆ ಹಿಡಿದಿರುವುದು ಬಾಕ್ಸಿಂಗ್ ಅಲ್ಲ, ಅವನ ಕಡತ.

ಅಲಬಾಮದ ಬಡ ಕುಟುಂಬ, 1926ರ ಹೊತ್ತಿಗೆ ನಿನ್ನ ಡೆಟ್ರಾಯಿಟ್‌ಗೆ ಬಂದಿತು. ತಾಯಿ ಲಿಲ್ಲಿ, ಮಗ ಪಿಟೀಲು ಕಲಿಯಲೆಂದು ಚಿಲ್ಲರೆ ಕೂಡಿಸಿ ಕೊಡುತ್ತಿದ್ದಳಂತೆ. ಮಗ ಆ ಕಾಸನ್ನು ಬಾಕ್ಸಿಂಗ್ ಕಲಿಯುವ ಜಾಗಕ್ಕೆ ಕಟ್ಟಿ, ಪಿಟೀಲಿನ ಪೆಟ್ಟಿಗೆಯಲ್ಲಿ ಗ್ಲೌಸ್ ಬಚ್ಚಿಟ್ಟು ಒಯ್ಯುತ್ತಿದ್ದ ಎಂದು ಕಥೆ. (ವೀಣೆ ಪಾಠ ತಪ್ಪಿಸಿ ನೀನು ಬ್ಯಾಡ್ಮಿಂಟನ್ ಆಡಲು ಹೋಗುತ್ತಿದ್ದದ್ದು ನನಗೆ ಆಗಲೇ ಗೊತ್ತಿತ್ತು. ರ‍್ಯಾಕೆಟ್ ವೀಣೆಯ ಪಕ್ಕದಲ್ಲೇ ಇರುತ್ತಿತ್ತು.) ಕೈಗೆ ದುಡ್ಡು ಬಂದ ಮೇಲೆ ಅವನು ಮಾಡಿದ ಒಂದು ಕೆಲಸ ಓದಿ ನಾನು ಎದ್ದು ಕೂತೆ. ಕಷ್ಟಕಾಲದಲ್ಲಿ ತಮ್ಮ ಮನೆಗೆ ಡೆಟ್ರಾಯಿಟ್ ನಗರ ಕೊಟ್ಟಿದ್ದ ಪರಿಹಾರದ ಹಣವನ್ನು ಅವನು ನಗರಕ್ಕೆ ಮರಳಿ ಕಟ್ಟಿದ. ಇಷ್ಟು ವರ್ಷದ ಸೇವೆಯಲ್ಲಿ ಕೇಳದೆ ಸರ್ಕಾರಕ್ಕೆ ಹಣ ಹಿಂದಿರುಗಿಸಲು ಬಂದವರನ್ನು ನಾನು ಒಂದೇ ಕೈಯ ಬೆರಳಲ್ಲಿ ಎಣಿಸಬಲ್ಲೆ.

ಯುದ್ಧ ಬಂತು. 1942ರ ಜನವರಿಯಲ್ಲಿ ಒಂದು ಪಂದ್ಯ, ಮಾರ್ಚ್‌ನಲ್ಲಿ ಇನ್ನೊಂದು. ಒಂದರ ಗಳಿಕೆಯನ್ನು ನೌಕಾಪಡೆಯವರ ಪರಿಹಾರ ನಿಧಿಗೆ, ಇನ್ನೊಂದರದನ್ನು ಸೇನೆಯವರ ನಿಧಿಗೆ ಕೊಟ್ಟುಬಿಟ್ಟ. ತಾನೂ ಸಿಪಾಯಿಯಾಗಿ ಸೇರಿಕೊಂಡ. ಮುಂದೆ ತೆರಿಗೆ ಇಲಾಖೆಯವರು ಆ ದಾನದ ಹಣವನ್ನೂ ಅವನ ಆದಾಯವೆಂದೇ ಲೆಕ್ಕ ಹಿಡಿದರು. ಇಡೀ ವೃತ್ತಿಯಲ್ಲಿ ಅವನ ಪಂದ್ಯಗಳು ತಂದದ್ದು 46 ಲಕ್ಷ ಡಾಲರಿಗೂ ಹೆಚ್ಚು, ಅವನ ಕೈಗೆ ಬಂದದ್ದು ಸುಮಾರು 8 ಲಕ್ಷ. ಉಳಿದದ್ದು ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದವರ ಪಾಲು. ಆ 8 ಲಕ್ಷದಲ್ಲೂ ಒಡಹುಟ್ಟಿದವರಿಗೆ, ಗೆಳೆಯರಿಗೆ, ಹೊಸ ವ್ಯಾಪಾರ ತೆಗೆಯುತ್ತೇನೆಂದು ಬಂದವರಿಗೆ. ಕೊಡುಗೈ ಎಂದರೆ ಅದು.

ತೆರಿಗೆ ರಿಟರ್ನನ್ನು ಮಾತ್ರ ಅವನು ತುಂಬುತ್ತಿರಲಿಲ್ಲ. ಪಂದ್ಯ ಏರ್ಪಡಿಸುತ್ತಿದ್ದ ಮೈಕ್ ಜೇಕಬ್ಸ್‌ನ ಲೆಕ್ಕಿಗ ತುಂಬಿಕೊಡುತ್ತಿದ್ದ. 1950ರ ಹೊತ್ತಿಗೆ ಇಲಾಖೆ ಹಳೆಯ ರಿಟರ್ನುಗಳನ್ನೆಲ್ಲ ತೆಗೆದು ತಪಾಸಣೆ ಮಾಡಿದಾಗ ಬಾಕಿ 5 ಲಕ್ಷ ಡಾಲರಿಗೂ ಮೇಲೆ ಎಂದಾಯಿತು. ಬಡ್ಡಿ ಬೆಳೆದು 10 ಲಕ್ಷ ದಾಟಿತು. ಬಾಕಿ ತೀರಿಸಲು ಮತ್ತೆ ದುಡಿಯೋಣವೆಂದರೆ ಆಗ ಅಮೆರಿಕದಲ್ಲಿ ಮೇಲಿನ ಹಂತದ ತೆರಿಗೆಯೇ ನೂರಕ್ಕೆ 90ರ ಆಸುಪಾಸು. ಬಾಕಿ ಕಟ್ಟಲು ಗಳಿಸಬೇಕು, ಗಳಿಸಿದ್ದಕ್ಕೆ ಹೊಸ ತೆರಿಗೆ. ತೂತು ಕೊಡದಲ್ಲಿ ನೀರು ಸೇದಿದಂತೆ. “ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು” ಎಂದು ನಿಮ್ಮಜ್ಜಿ ಹೇಳುತ್ತಿದ್ದಳು. ಇವನು ಕೂತು ಉಂಡವನೂ ಅಲ್ಲ.

ಹೀಗೆ ನಿವೃತ್ತನಾದವನು ಮತ್ತೆ ಕಣಕ್ಕಿಳಿದ. 1950ರ ಸೆಪ್ಟೆಂಬರ್‌ನಲ್ಲಿ ಎಝರ್ಡ್ ಚಾರ್ಲ್ಸ್ 15 ಸುತ್ತು ಅವನನ್ನು ಸೋಲಿಸಿದ. ಮರುವರ್ಷ ಅಕ್ಟೋಬರ್‌ನಲ್ಲಿ, ಲೂಯಿಸ್‌ಗೆ 37 ಆಗಿದ್ದಾಗ, ರಾಕಿ ಮಾರ್ಸಿಯಾನೋ ಎಂಟನೇ ಸುತ್ತಿನಲ್ಲಿ ಹೊಡೆದು ಉರುಳಿಸಿದ. ಮಾರ್ಸಿಯಾನೋಗೆ ಚಿಕ್ಕಂದಿನಿಂದ ಲೂಯಿಸ್ ಎಂದರೆ ದೇವರು. ಗೆದ್ದು ಒಳಗೆ ಹೋಗಿ ಅತ್ತನಂತೆ. ಅದೂ ಮುಗಿದ ಮೇಲೆ, 1956ರಲ್ಲಿ, ಲೂಯಿಸ್ ಕಾಸಿಗಾಗಿ ಪ್ರದರ್ಶನದ ಕುಸ್ತಿಗೆ ಇಳಿದು ಎದೆಗೆ ಪೆಟ್ಟು ಮಾಡಿಕೊಂಡ. ಈ ನಡುವೆ 1953ರಲ್ಲಿ ತಾಯಿ ತೀರಿಕೊಂಡಳು. ಮಗನಿಗೆಂದು ಅವಳು ಬಿಟ್ಟುಹೋದದ್ದು 667 ಡಾಲರ್. ಅದನ್ನೂ ತೆರಿಗೆ ಬಾಕಿಗೆ ಜಮಾ ಮಾಡಿಕೊಂಡರು. ಪಿಟೀಲಿಗೆ ಕಾಸು ಕೂಡಿಸಿದವಳಲ್ಲವೆ, ಆ ಸಾಲನ್ನು ಓದಿ ಮೊಬೈಲ್ ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಹಿತ್ತಲಲ್ಲಿ ಓಡಾಡಿದೆ.

ಕುಸ್ತಿ ಎಂದಾಗ ನೆನಪಾಯಿತು. ನಮ್ಮ ಸರ್ಕಾರ ಮಾಜಿ ಪೈಲ್ವಾನರಿಗೆ ಮಾಸಾಶನ ಕೊಡುತ್ತದಲ್ಲ, ಅದರ ಕೆಲಸಕ್ಕೆ ನಮ್ಮ ಕೌಂಟರಿಗೆ ಒಬ್ಬ ಅಜ್ಜ ಬರುತ್ತಿದ್ದ. ನೀನೂ ನೋಡಿದ್ದೀಯ, ಶಾಲೆ ಬಿಟ್ಟು ಕಚೇರಿಗೆ ಬಂದಾಗ ನಿನ್ನ ಕೈಗೆ ಪೆಪ್ಪರಮಿಂಟು ಕೊಡುತ್ತಿದ್ದನಲ್ಲ. ಕಿವಿಗಳೆರಡೂ ಮುದುಡಿ ಒಣ ಅಣಬೆಯಂತಾಗಿದ್ದವು. ಬಲಗೈ ಬೆರಳುಗಳು ಮಡಚಿದವು ಮಡಚಿದಂತೆಯೇ ಸೆಟೆದಿದ್ದವು. ಹೆಬ್ಬೆಟ್ಟಿನ ಗುರುತು ಹಾಕಿಸಬೇಕೆಂದರೆ ಶಾಯಿ ಪ್ಯಾಡನ್ನೇ ಎತ್ತಿ ಅವನ ಹೆಬ್ಬೆರಳಿಗೆ ಒತ್ತಬೇಕು, ಆಮೇಲೆ ಕಾಗದವನ್ನು ಮೇಲಿನಿಂದ ಒತ್ತಬೇಕು. ಜೀವಿತ ಪ್ರಮಾಣಪತ್ರ ಕೇಳಿದಾಗಲೆಲ್ಲ “ತಾಯೀ, ಎದುರಿಗೇ ಕೂತಿದ್ದೇನಲ್ಲ, ಇನ್ನೂ ಕಾಗದ ಬೇಕೆ?” ಎಂದು ನಗುತ್ತಿದ್ದ. ಮಾಸಾಶನದ ಮೊತ್ತ ಹೇಳಿಕೊಳ್ಳುವಂಥದ್ದೇನಲ್ಲ. ಆದರೆ ಅದು ಬರುವ ದಿನ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದ.

ಅಮೆರಿಕದಲ್ಲಿ ವೃತ್ತಿಪರ ಬಾಕ್ಸರ್‌ಗಳಿಗೆ ಹೀಗೊಂದು ಪಿಂಚಣಿ ನಿಧಿ ಇರುವುದು ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಮಾತ್ರ, 1982ರಿಂದ. ಪಂದ್ಯದ ಟಿಕೆಟಿನ ಮೇಲೆ ಒಂದಷ್ಟು ಸೆಂಟುಗಳನ್ನು ತೆಗೆದಿಡುತ್ತಾರೆ, ಬಾಕ್ಸರ್‌ಗೆ 50 ವರ್ಷ ತುಂಬಿದ ಮೇಲೆ ಕೊಡುತ್ತಾರೆ. ನಮ್ಮಲ್ಲಿ ಅರ್ಹತಾ ಸೇವೆಯನ್ನು ವರ್ಷಗಳಲ್ಲಿ ಎಣಿಸಿದರೆ ಅವರು ಸುತ್ತುಗಳಲ್ಲಿ ಎಣಿಸುತ್ತಾರೆ, ಆ ರಾಜ್ಯದಲ್ಲಿ ಕನಿಷ್ಠ 75 ಸುತ್ತು ಆಗಿರಬೇಕು. ಸೇವಾ ಪುಸ್ತಕದಲ್ಲಿ ಏಟುಗಳ ಲೆಕ್ಕ! ತಮಗೆ ಹಕ್ಕಿದೆ ಎಂಬುದೇ ತಿಳಿಯದೆ ಹಣ ಪಡೆಯದೇ ಇರುವ ಮುದುಕ ಬಾಕ್ಸರ್‌ಗಳು ಅಲ್ಲಿ ಎಷ್ಟೋ ಮಂದಿ ಎಂದು ಪತ್ರಿಕೆಯವರು ಬರೆದಿದ್ದಾರೆ. ನನಗೇನೂ ಆಶ್ಚರ್ಯವಾಗಲಿಲ್ಲ. ನಾನು ಆ ಕೌಂಟರಿನಲ್ಲಿ ಕೂತಿದ್ದರೆ ಒಬ್ಬೊಬ್ಬರ ಮನೆಗೂ ಕಾರ್ಡು ಬರೆಯುತ್ತಿದ್ದೆ.

ಲೂಯಿಸ್ ಕೊಟ್ಟು ಕೆಟ್ಟ, ಆದ್ದರಿಂದ ಬಿಗಿಮುಷ್ಟಿಯೇ ವಾಸಿ ಎಂದು ನಾನು ಹೇಳುತ್ತೇನೆಂದುಕೊಳ್ಳಬೇಡ. ಅವನನ್ನು ಸೋಲಿಸಿದ ಮಾರ್ಸಿಯಾನೋನ ಕಥೆ ನೋಡು. 49 ಪಂದ್ಯ, 49 ಗೆಲುವು, 1956ರಲ್ಲಿ ಸೋಲೇ ಕಾಣದೆ ನಿವೃತ್ತ. ಬ್ಯಾಂಕನ್ನು ನಂಬುತ್ತಿರಲಿಲ್ಲ, ಚೆಕ್ ಮುಟ್ಟುತ್ತಿರಲಿಲ್ಲ, ಎಲ್ಲಿಗೆ ಹೋದರೂ ನಗದು ಬೇಕು. ಆ ನಗದನ್ನು ಅಲ್ಲಿ ಇಲ್ಲಿ ಬಚ್ಚಿಡುತ್ತಿದ್ದ. 1969ರಲ್ಲಿ, ಮರುದಿನ ಅವನ 46ನೇ ಹುಟ್ಟುಹಬ್ಬ ಎನ್ನುವಾಗ, ವಿಮಾನ ಬಿದ್ದು ಸತ್ತ. ಬಚ್ಚಿಟ್ಟ ಹಣ ಹೆಂಡತಿ ಮಕ್ಕಳಿಗೆ ಸಿಗಲೇ ಇಲ್ಲ. ನಾಮಿನಿ ಇಲ್ಲದ ಖಾತೆಗಳನ್ನು ಹಿಡಿದುಕೊಂಡು ಬಂದ ಎಷ್ಟು ವಿಧವೆಯರನ್ನು ನಾನು ನೋಡಿಲ್ಲ! ಅಂದಹಾಗೆ, ಅಲ್ಲಿಯ ನಿನ್ನ ಖಾತೆಗಳಿಗೆ ಯಾರ ಹೆಸರು ಬರೆದಿದ್ದೀಯ? ಹೋದ ವರ್ಷವೂ ಕೇಳಿದ್ದೆ.

1960ರ ದಶಕದ ಆರಂಭದಲ್ಲಿ ತೆರಿಗೆಯವರು, ಸದ್ಯದ ಗಳಿಕೆಗೆ ತಕ್ಕಷ್ಟು ಕಟ್ಟಿದರೆ ಸಾಕೆಂದು ಲೂಯಿಸ್‌ನನ್ನು ಬಿಟ್ಟರು. ಆದರೆ ಅಷ್ಟರಲ್ಲಿ ಮನುಷ್ಯ ಸವೆದಿದ್ದ. ಯಾರೋ ತನ್ನ ಮೇಲೆ ವಿಷಗಾಳಿ ಬಿಡುತ್ತಾರೆಂದು ಹೋಟೆಲ್ ಕೋಣೆಯ ಗಾಳಿಕಿಂಡಿಗಳನ್ನು ಮುಚ್ಚುತ್ತಿದ್ದ. 1970ರಲ್ಲಿ ಹೆಂಡತಿಯೂ ಮಗನೂ ಅವನನ್ನು ಡೆನ್ವರ್‌ನ ಮಾನಸಿಕ ಆಸ್ಪತ್ರೆಗೆ ಸೇರಿಸಬೇಕಾಯಿತು. ತಲೆಗೆ ಬಿದ್ದ ಏಟುಗಳು ವರ್ಷಗಳ ಮೇಲೆ ನಡಿಗೆಯಲ್ಲಿ, ಮಾತಿನಲ್ಲಿ, ಬುದ್ಧಿಯಲ್ಲಿ ಮೂಡುತ್ತವೆಂದು ನ್ಯೂಜೆರ್ಸಿಯ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲಿಯೇ ಬರೆದಿದ್ದ. ಮೊಹಮ್ಮದ್ ಅಲಿ 1981ರಲ್ಲಿ ಕೊನೆಯ ಪಂದ್ಯ ಆಡಿದ, 1984ರಲ್ಲಿ ಪಾರ್ಕಿನ್ಸನ್ಸ್ ಎಂದರು. ಲೂಯಿಸ್‌ನ ವಿಷಯದಲ್ಲಿ ಏಟು, ಮಾದಕ ವಸ್ತು, ಸಾಲ ಮೂರೂ ಇದ್ದವು. ಒಂದೇ ಲೆಕ್ಕ ಶೀರ್ಷಿಕೆಗೆ ಖರ್ಚು ಹಾಕಲು ಬರುವುದಿಲ್ಲ.

ಕೊನೆಯ ವರ್ಷಗಳಲ್ಲಿ ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೆಸ್ ಎಂಬ ಜೂಜಿನ ಹೋಟೆಲಿನಲ್ಲಿ ಅವನಿಗೆ ಕೆಲಸ. ಏನು ಕೆಲಸ? ಬಂದವರ ಕೈಕುಲುಕುವುದು. ಇದನ್ನು ಓದಿ ನಿಮ್ಮಪ್ಪನಿಗೆ ಬಹಳ ಸಂಕಟವಾಯಿತು, “ಚಾಂಪಿಯನ್ನನನ್ನು ಬಾಗಿಲಲ್ಲಿ ನಿಲ್ಲಿಸಿದರಲ್ಲ” ಎಂದರು. ನನಗೆ ಹಾಗನ್ನಿಸಲಿಲ್ಲ. ಜನ ಅವನನ್ನು ನೋಡಲೆಂದೇ ಬರುತ್ತಿದ್ದರು, ಸಂಬಳ ಬರುತ್ತಿತ್ತು, ಎದುರಿಗಿದ್ದವನನ್ನು ಹೊಡೆಯಬೇಕಾಗಿರಲಿಲ್ಲ. ಇದರಲ್ಲಿ ನಾಚಿಕೆ ಯಾರಿಗೆ? 1977ರಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾದ ಮೇಲೆ ಗಾಲಿಕುರ್ಚಿ. 1981ರ ಏಪ್ರಿಲ್ 11ರ ರಾತ್ರಿ ಅಲ್ಲಿಯೇ ಒಂದು ಪಟ್ಟದ ಪಂದ್ಯ ನೋಡಿ ಎದ್ದವನು ಮರುದಿನ ತೀರಿಕೊಂಡ. ಅಧ್ಯಕ್ಷ ರೇಗನ್ ನಿಯಮ ಸಡಿಲಿಸಿ ಆರ್ಲಿಂಗ್ಟನ್‌ನ ಸೈನಿಕರ ರುದ್ರಭೂಮಿಯಲ್ಲಿ ಜಾಗ ಕೊಡಿಸಿದರು.

ಅಂತ್ಯಕ್ರಿಯೆಯ ಖರ್ಚಿನಲ್ಲಿ ಒಂದು ಪಾಲು ಕೊಟ್ಟವನು ಯಾರು ಗೊತ್ತೆ? ನಿಮ್ಮಪ್ಪನ ಆ 124 ಸೆಕೆಂಡಿನ ಜರ್ಮನ್, ಮ್ಯಾಕ್ಸ್ ಶ್ಮೆಲಿಂಗ್. ಹಿಟ್ಲರನ ಕಡೆಯವರು ತಮ್ಮ ಪ್ರಚಾರಕ್ಕೆ ಮೆರೆಸಿದ ಮನುಷ್ಯ, ಆದರೆ ಅವರ ಪಕ್ಷ ಸೇರಲಿಲ್ಲ, ತನ್ನ ಯಹೂದಿ ವ್ಯವಸ್ಥಾಪಕನನ್ನು ಬಿಡಲಿಲ್ಲ. ಯುದ್ಧ ಮುಗಿದಾಗ ಅವನೂ ಬರಿಗೈ, ದುಡ್ಡಿಗಾಗಿ ನಲವತ್ತು ದಾಟಿದ ಮೇಲೂ ಐದು ಪಂದ್ಯ ಆಡಿದ. ಆಮೇಲೆ ಹಿಂದೆ ನ್ಯೂಯಾರ್ಕ್‌ನ ಬಾಕ್ಸಿಂಗ್ ಮಂಡಳಿಯಲ್ಲಿದ್ದ ಪರಿಚಯಸ್ಥನೊಬ್ಬನ ಸಹಾಯದಿಂದ 1950ರ ದಶಕದಲ್ಲಿ ಹ್ಯಾಂಬರ್ಗ್‌ನಲ್ಲಿ ಕೋಕಾಕೋಲಾ ಮಾರಾಟದ ಹಕ್ಕು ಸಿಕ್ಕಿತು. ಅದನ್ನು ಕೂತು ನೋಡಿಕೊಂಡ. 1954ರಲ್ಲಿ ಲೂಯಿಸ್‌ನನ್ನು ಹುಡುಕಿಕೊಂಡು ಶಿಕಾಗೊಗೆ ಬಂದ, ಸ್ನೇಹವಾಯಿತು, ಸದ್ದಿಲ್ಲದೆ ಹಣವನ್ನೂ ಕೊಡುತ್ತಿದ್ದ. ತೀರಿಕೊಂಡದ್ದು 2005ರಲ್ಲಿ, 99ರ ವಯಸ್ಸಿನಲ್ಲಿ. ಸೋತವನು ಗೆದ್ದವನ ಅಂತ್ಯಕ್ರಿಯೆಗೆ ಖರ್ಚು ಕೊಟ್ಟ.

ಈಗ ನನ್ನ ವಿಷಯ. ಹೋದ ಭಾನುವಾರ ಫೋನಿನಲ್ಲಿ ನೀನು ಒಂದು ಮಾತು ಅಂದೆ: “ಟ್ಯಾಕ್ಸ್ ನಾನು ನೋಡುವುದೇ ಇಲ್ಲಮ್ಮ, ಆಫೀಸಿನ ಗೆಳೆಯನೊಬ್ಬ ತುಂಬಿಕೊಡುತ್ತಾನೆ, ನಾನು ಸಹಿ ಹಾಕುತ್ತೇನೆ ಅಷ್ಟೇ.” ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವನು ಒಳ್ಳೆಯ ಹುಡುಗನೇ ಇರಬಹುದು. ಜೇಕಬ್ಸ್‌ನ ಲೆಕ್ಕಿಗನೂ ಕೆಟ್ಟವನೇ ಆಗಿರಬೇಕೆಂದಿಲ್ಲ. ಚಿಕ್ಕಪ್ಪನ ಮಗನಿಗೆ ಮನೆ ಕಟ್ಟಲು ನೀನು ಕೊಟ್ಟ ಹಣದ ಬಗ್ಗೆ ನನ್ನ ತಕರಾರಿಲ್ಲ, ಇನ್ನೂ ಕೊಡು. ಯಾರಿಗೆ, ಯಾವಾಗ, ಎಷ್ಟು ಎಂದು ಒಂದು ನೋಟ್‌ಬುಕ್ಕಿನಲ್ಲಿ ನಿನ್ನ ಕೈಬರಹದಲ್ಲೇ ಬರೆದಿಡು. ಅಲ್ಲಿ ಏಪ್ರಿಲ್ 15 ಗಡುವಲ್ಲವೆ? ಅದಕ್ಕೆ ಮೊದಲು ಒಂದು ಶನಿವಾರ ಆ ಕಾಗದಗಳನ್ನು ಮುಂದಿಟ್ಟುಕೊಂಡು ಕೂರು, ಸಾಲು ಸಾಲು ಓದು, ತಿಳಿಯದ್ದನ್ನು ಆ ಹುಡುಗನನ್ನೇ ಕೇಳು. ಅದೇ ಹೊತ್ತಿಗೆ ನನಗೂ ಫೋನ್ ಮಾಡು. ಅಮೆರಿಕದ ನಿಯಮ ನನಗೆ ಬಾರದು, ಆದರೆ ಯಾವ ಅಂಕಣದ ಮೊತ್ತ ಯಾವ ಅಂಕಣಕ್ಕೆ ತಾಳೆಯಾಗಬೇಕೆಂದು ಇಲ್ಲಿಂದಲೇ ಹೇಳಬಲ್ಲೆ.

ಮುಂದಿನ ಸಲ ಆ ಕಡೆ ಹೋದಾಗ ಇನ್ನೊಂದು ಫೋಟೊ ತೆಗೆದು ಕಳಿಸು. ಮುಷ್ಟಿಯ ಕಡೆಯಿಂದ ಬೇಡ, ಅದನ್ನು ನೋಡಿಯಾಯಿತು. ಹಿಂದಿನ ತುದಿಯಿಂದ ತೆಗೆ. ಮೈ ಇಲ್ಲದ ಆ ತೋಳನ್ನು ಎಲ್ಲಿಗೆ ತಂದು ನಿಲ್ಲಿಸಿದ್ದಾರೆ ಎಂದು ನೋಡಬೇಕಾಗಿದೆ. ನಿಮ್ಮಪ್ಪ ಮೊಣಕೈ ಹತ್ತಿರ ಎನ್ನುತ್ತಾರೆ, ನಾನು ಭುಜದವರೆಗೂ ಇದೆ ಎನ್ನುತ್ತೇನೆ. ಹತ್ತು ರೂಪಾಯಿ ಪಣ ಕಟ್ಟಿದ್ದೇವೆ.

ನಿನ್ನ ಅಮ್ಮ