ಬೆಣ್ಣೆಗೂ ಕತ್ತೆಗೂ ಒಂದೇ ಹೆಸರು

ಪ್ರೀತಿಯ ತಂಗೀ,

ನಿನ್ನ ಪ್ರಬಂಧ ಓದಿದೆ. ಕಾಗುಣಿತ, ಪ್ಯಾರಾ, ಯಾವ ಪತ್ರಿಕೆಗೆ ಕಳಿಸಲಿ ಅನ್ನೋದೆಲ್ಲ ಈಗ ಬಿಡು, ತಾನಾಗಿ ತಿಳಿಯುತ್ತೆ. ನನ್ನನ್ನು ಕಾಡಿದ್ದು ಒಂದೇ ಜಾಗ. ‘ಬುರ್ರೊ’ ಅಂದರೆ ಇಟಾಲಿಯನ್‌ನಲ್ಲಿ ಬೆಣ್ಣೆ, ಸ್ಪ್ಯಾನಿಷ್‌ನಲ್ಲಿ ಕತ್ತೆ. ಅಲ್ಲಿಯವರೆಗೆ ಸರಿ. ಆಮೇಲೆ, ರೋಮನ್ನರು ಕತ್ತೆಯ ಮೇಲೆ ಬೆಣ್ಣೆ ಹೇರಿಕೊಂಡು ಸಂತೆಗೆ ಹೋಗುತ್ತಿದ್ದರು, ಹೊರೆಯ ಹೆಸರೇ ಹೊತ್ತ ಪ್ರಾಣಿಗೂ ಅಂಟಿತು ಅಂತ ಬರೆದಿದ್ದೀಯ. ಎಲ್ಲಿ ಸಿಕ್ಕಿತು ಇದು? ಗೆಳತಿಯರೆಲ್ಲ ಮೆಚ್ಚಿದರಂತೆ. ಮೆಚ್ಚಲಿ. ಅದು ಸುಳ್ಳು.

ನಿಘಂಟು ತೆರೆದು ನೋಡಬಾರದಿತ್ತೇ? ಬೆಣ್ಣೆಯ ಬುರ್ರೊ ಹಳೆಯ ಫ್ರೆಂಚ್ ಹಾದು ಬಂದದ್ದು. ಅದರ ಹಿಂದೆ ಲ್ಯಾಟಿನ್ನಿನ ‘ಬುಟೀರುಮ್’, ಅದಕ್ಕೂ ಹಿಂದೆ ಗ್ರೀಕಿನ ‘ಬೂಟೀರೊನ್’, ಅಂದರೆ ಹಸುವಿನ ಚೀಸ್. ಇಂಗ್ಲಿಷಿನ ಬಟರ್ ಕೂಡ ಇದೇ ವಂಶದ್ದು. ರೋಮನ್ನರು ಆಲಿವ್ ಎಣ್ಣೆಯ ಜನ. ಅವರದೇ ಲೇಖಕ ಪ್ಲಿನಿ ಬೆಣ್ಣೆಯನ್ನು ಅನಾಗರಿಕ ಜನಾಂಗಗಳ ಭರ್ಜರಿ ಆಹಾರ ಅಂತ ಬರೆದಿಟ್ಟಿದ್ದಾನೆ.

ಕತ್ತೆಯ ಕಥೆ ಇನ್ನೂ ಸೊಗಸು. ಕೊನೆಗಾಲದ ಲ್ಯಾಟಿನ್‌ನಲ್ಲಿ ‘ಬುರ್ರಿಕುಸ್’ ಅಂದರೆ ಗಿಡ್ಡ ಕುದುರೆ, ತಟ್ಟು. ಅದೇ ಸ್ಪ್ಯಾನಿಷ್‌ನಲ್ಲಿ ‘ಬೊರ್ರೀಕೊ’ ಆಗಿ ಕತ್ತೆಗೆ ನಿಂತಿತು. ಆ ಭಾಷೆಯಲ್ಲಿ ಪದದ ಕೊನೆಗೆ ‘ಈಕೊ’ ಬಂದರೆ ಪುಟ್ಟದು ಅಂತ ಅರ್ಥ. ಹಾಗಾಗಿ ಜನ ಬೊರ್ರೀಕೊ ಅಂದರೆ ಚಿಕ್ಕದಿರಬೇಕು ಅಂದುಕೊಂಡು, ಬಾಲ ಕತ್ತರಿಸಿ ದೊಡ್ಡದಕ್ಕೆ ‘ಬುರ್ರೊ’ ಮಾಡಿಕೊಂಡರು! ಮುಂದೆ ಅದಕ್ಕೆ ಇನ್ನೊಂದು ಪುಟ್ಟ ಬಾಲ ಅಂಟಿ ಬುರಿಟೊ ಆಯಿತು. ಮೆಕ್ಸಿಕೊದ ಆ ಸುತ್ತಿದ ರೊಟ್ಟಿಯ ಹೆಸರಿಗೆ ಪುಟ್ಟ ಕತ್ತೆ ಅಂತಲೇ ಅರ್ಥ. ಇಟಲಿಯ ಬುರ್ರಾಟಾ ಚೀಸ್ ಮಾತ್ರ ಬೆಣ್ಣೆಯ ಕಡೆಯ ನಂಟು. ಇಷ್ಟೆಲ್ಲ ನಿಜ ಕೈಗೆಟುಕುವಾಗ ಕಟ್ಟುಕಥೆ ಯಾಕೆ ಬೇಕಾಯಿತು ತಂಗೀ?

ಹಿಂದೆ ಒಬ್ಬ ಸಂಪಾದಕರು ನನ್ನ ಲೇಖನಕ್ಕೆ ಇಂಥದೇ ಪದಮೂಲವೊಂದನ್ನು ತಾವೇ ಸೇರಿಸಿ ಅಚ್ಚು ಹಾಕಿದರು. ಕೇಳಿದ್ದಕ್ಕೆ, “ಓದುಗರಿಗೆ ಖುಷಿಯಾಗುತ್ತೆ ಬಿಡಿ” ಅಂದರು. ಜನ ಇವತ್ತಿಗೂ ಅದನ್ನು ನನ್ನ ಹೆಸರು ಹಾಕಿ ಹಂಚುತ್ತಾರೆ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ನಿನ್ನ ವಾಕ್ಯಗಳಿಗೆ ಓಟ ಇದೆ, ಕಿವಿ ಇದೆ. ಅದಕ್ಕೇ ನನಗೆ ಹೆದರಿಕೆ. ನೀನು ಹೇಳಿದ್ದನ್ನು ಜನ ನಂಬಿಬಿಡುತ್ತಾರೆ. ಆ ಪ್ಯಾರಾ ಹೊಡೆದುಹಾಕಿ, ಬೊರ್ರೀಕೊ ಸಂಗತಿಯನ್ನು ನಿನ್ನ ಮಾತಿನಲ್ಲೇ ಬರೆದು ಕಳಿಸು. ಮುಂದಿನದು ‘ಸಲೀರೆ’ ಬಗ್ಗೆ ಅಂದಿದ್ದೀಯಲ್ಲ, ಒಳ್ಳೆಯ ಆಯ್ಕೆ. ಲ್ಯಾಟಿನ್‌ನಲ್ಲಿ ಜಿಗಿಯೋದು, ಇಟಾಲಿಯನ್‌ನಲ್ಲಿ ಹತ್ತೋದು, ಸ್ಪ್ಯಾನಿಷ್‌ಗೆ ಬಂದರೆ ‘ಸಲೀರ್’ ಆಗಿ ಹೊರಗೆ ಹೋಗೋದು. ನಡುವೆ ಏನೇನಾಯಿತು ಅಂತ ಮೊದಲು ಹುಡುಕು, ಆಮೇಲೆ ಪೆನ್ನು ಹಿಡಿ.

ನಿನ್ನ
ಅಣ್ಣ