ಕಲಾ ಸಚಿವರೇ, ನಕಲಿ ಬೂಮರಾಂಗ್ ತಡೆಯುವ ಮಸೂದೆ ತನ್ನಿ

ಆಸ್ಟ್ರೇಲಿಯಾ ಒಕ್ಕೂಟ ಸರ್ಕಾರದ ಕಲಾ ಸಚಿವರಿಗೆ,

ನಮಸ್ಕಾರ. ಮೆಲ್ಬರ್ನ್‌ನಲ್ಲಿ ಸಂಸಾರ ಹೂಡಿರುವ ಕನ್ನಡತಿ, ಇಲ್ಲಿನ ಮತದಾರಳು ನಾನು. ಈ ನೆಲದ ಮೂಲನಿವಾಸಿಗಳ (ಅಬೊರಿಜಿನಲ್) ಕಲೆ ಮತ್ತು ಅದರ ಹೆಸರಿನಲ್ಲಿ ಮಾರಾಟವಾಗುವ ನಕಲಿ ಸರಕಿನ ಬಗ್ಗೆ ಈ ಪತ್ರ.

ಮೂಲನಿವಾಸಿ ಕಲಾವಿದ ಕ್ಲಿಫರ್ಡ್ ಪಾಸಮ್ ಜಪಲ್‌ಜಾರಿ ಅವರ ‘ವಾರ್ಲುಗುಲಾಂಗ್’ ಚಿತ್ರ 1977ರಲ್ಲಿ 1,200 ಡಾಲರಿಗೆ ಮಾರಾಟವಾಗಿತ್ತು. 2007ರಲ್ಲಿ ಅದೇ ಚಿತ್ರಕ್ಕೆ ಹರಾಜಿನಲ್ಲಿ 24 ಲಕ್ಷ ಡಾಲರ್ ಬಂತು. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು. ಮರುಮಾರಾಟದಲ್ಲಿ ಕಲಾವಿದರಿಗೆ ಶೇ 5ರಷ್ಟು ಪಾಲು ಕೊಡಿಸುವ ಕಾನೂನು ಜಾರಿಯಾದದ್ದು 2010ರಲ್ಲಿ. ಒಳ್ಳೆಯ ಕಾನೂನೇ. ಆದರೆ ಚಿತ್ರ ಮತ್ತೆ ಮಾರಾಟವಾಗುವಷ್ಟು ಹೆಸರು ಮಾಡಿದವರಿಗೆ ಮಾತ್ರ ಅದರಿಂದ ಪ್ರಯೋಜನ. ನಿಮ್ಮದೇ ಸರ್ಕಾರದ ಸಲಹಾ ಸಂಸ್ಥೆ ಪ್ರೊಡಕ್ಟಿವಿಟಿ ಕಮಿಷನ್ 2022ರಲ್ಲಿ ಕೊಟ್ಟ ವರದಿಯ ಪ್ರಕಾರ ಈ ಕಲೆಯ ಮಾರುಕಟ್ಟೆ ಸುಮಾರು 25 ಕೋಟಿ ಡಾಲರಿನದು. ಆರ್ಟ್ ಸೆಂಟರ್‌ಗಳ (ಮೂಲನಿವಾಸಿ ಸಮುದಾಯಗಳ ಕಲಾ ಕೇಂದ್ರಗಳ) ಮೂಲಕ ಮಾರುವ ಕಲಾವಿದರ ಸರಾಸರಿ ಗಳಿಕೆಯೋ, ವರ್ಷಕ್ಕೆ 2,700 ಡಾಲರ್ ಚಿಲ್ಲರೆ.

ಅದೇ ವರದಿ ಇನ್ನೊಂದು ಸಂಗತಿ ಹೇಳುತ್ತದೆ: ಅಬೊರಿಜಿನಲ್ ಶೈಲಿಯ ಸ್ಮರಣಿಕೆಗಳಿಗೆ ಜನ ಕೊಡುವ ಹಣದಲ್ಲಿ ಅರ್ಧಕ್ಕೂ ಹೆಚ್ಚು ಹೋಗುವುದು ನಕಲಿ ಸರಕಿಗೆ. ಬೆಂಗಳೂರಿಗೆ ಹೊರಟ ನಮ್ಮವರ ಸೂಟ್‌ಕೇಸಿನಲ್ಲೂ ಅಂಥ ಬೂಮರಾಂಗ್‌ಗಳಿರುತ್ತವೆ. ಇಂಡೋನೇಷ್ಯಾದಲ್ಲಿ ಮಾಡಿಸಿದ ಡಿಜೆರಿಡೂ (ಊದುವ ವಾದ್ಯ), ಬೂಮರಾಂಗ್‌ಗಳನ್ನು ಮಾರಿದ ಸಗಟು ಕಂಪನಿಯೊಂದಕ್ಕೆ 2019ರಲ್ಲಿ ಫೆಡರಲ್ ನ್ಯಾಯಾಲಯ 23 ಲಕ್ಷ ಡಾಲರ್ ದಂಡ ಹಾಕಿತು. ಆದರೆ ದಂಡ ಬಿದ್ದದ್ದು ಆ ಕಲೆಯನ್ನು ಕದ್ದದ್ದಕ್ಕಲ್ಲ, ಗ್ರಾಹಕರ ದಾರಿ ತಪ್ಪಿಸಿದ್ದಕ್ಕೆ. ‘ಇಂಡೋನೇಷ್ಯಾದಲ್ಲಿ ತಯಾರಾದದ್ದು’ ಎಂದು ಸ್ಪಷ್ಟವಾಗಿ ಬರೆದು ಮಾರಿದ್ದರೆ ಆ ಕಾನೂನು ಅವರನ್ನು ಮುಟ್ಟುತ್ತಿರಲಿಲ್ಲ. ಬದುಕು ಕಟ್ಟಿಕೊಳ್ಳಲು ಹೊರಟ ಯುವ ಕಲಾವಿದೆ ಪೈಪೋಟಿ ನಡೆಸಬೇಕಿರುವುದು ಇಂಥ ಅಗ್ಗದ ಮಾಲಿನ ಜೊತೆ.

ನಕಲಿ ವಸ್ತುವಿಗೆ ‘ಇದು ನಕಲಿ’ ಎಂಬ ಚೀಟಿ ಕಡ್ಡಾಯವಾಗಲಿ ಎಂದು ಕಮಿಷನ್ ಸೂಚಿಸಿತ್ತು. ನನಗದು ಸರಿ ಕಾಣುತ್ತದೆ. ಆಗ ತಮ್ಮ ಕೃತಿ ಅಸಲಿಯೆಂದು ಸಾಬೀತು ಮಾಡುವ ಖರ್ಚು, ಓಡಾಟ ಕಲಾವಿದರ ತಲೆಗೆ ಬರುವುದಿಲ್ಲ. 2023ರ ಜನವರಿಯಲ್ಲಿ ಪ್ರಕಟವಾದ ರಾಷ್ಟ್ರೀಯ ಸಾಂಸ್ಕೃತಿಕ ನೀತಿಯಲ್ಲಿ ಈ ಕಲೆಯನ್ನು ಕಾಪಾಡುವ ಪ್ರತ್ಯೇಕ ಕಾನೂನಿನ ಮಾತೂ ಇದೆ. ಆ ಮಾತು ಉಳಿಸಿಕೊಳ್ಳಿ.

ಆರ್ಟ್ ಸೆಂಟರ್‌ಗಳದ್ದು ಬೇರೆಯೇ ಕಷ್ಟ. ಕ್ಯಾನ್ವಾಸ್, ಬಣ್ಣ ಒದಗಿಸುವುದು, ಚಿತ್ರದ ಕಥೆ ದಾಖಲಿಸುವುದು, ನಗರದ ಗ್ಯಾಲರಿಗೆ ಕಳಿಸುವುದು, ಹಣ ವಸೂಲಿ ಮಾಡಿ ಹಂಚುವುದು ಎಲ್ಲ ಅವರದೇ ಹೊಣೆ. 1972ರಲ್ಲಿ ಶುರುವಾದ ಪಪುನ್ಯಾ ಟುಲಾ ಇಂದಿಗೂ ಕಲಾವಿದರದೇ ಒಡೆತನದ ಕಂಪನಿ. ಒಡೆತನ ಕೈಯಲ್ಲಿದ್ದರೆ ಮರುಭೂಮಿಯ ನಡುವೆಯೂ ವ್ಯಾಪಾರ ನೆಲೆಯೂರುತ್ತದೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಹೊಸ ಕೇಂದ್ರಗಳಿಗೂ ದೀರ್ಘಾವಧಿಯ ಅನುದಾನ ಕೊಡಿ. ಲೆಕ್ಕಪತ್ರ, ಒಪ್ಪಂದ, ಆನ್‌ಲೈನ್ ಮಾರಾಟದ ತರಬೇತಿಯನ್ನು ಆಯಾ ಊರಿನ ಯುವಜನರಿಗೇ ಕೊಡಿಸಿ, ಮ್ಯಾನೇಜರ್ ಕುರ್ಚಿಯಲ್ಲಿ ಅವರೇ ಕೂರಲಿ.

ಮಸೂದೆಯ ಕರಡನ್ನು ಸಂಸತ್ತಿಗಿಂತ ಮೊದಲು ಪಪುನ್ಯಾ, ಯಿರ್ಕಾಲಾದಂಥ ಮೂಲನಿವಾಸಿ ಊರುಗಳ ಕಲಾವಿದರ ಮುಂದಿಡಿ. ಯಾವ ದಿನದೊಳಗೆ ತರುತ್ತೀರಿ ಎಂಬುದನ್ನು ಬಹಿರಂಗವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ,
ಮೆಲ್ಬರ್ನ್‌ನ ಒಬ್ಬ ಮತದಾರಳು